ಸಣ್ಣ ಕುತ್ತಿಗೆಯ ಪಿಕ್ಚರ್ ಟ್ಯೂಬು

ಬಲಗೈ ಹೆಬ್ಬೆರಳಿಗೆ ತಾಮ್ರದ ತಂತಿಯ ಉಂಗುರ ಹಾಕಿಕೊಂಡು ಹುಬ್ಬಳ್ಳಿಯ ಅಂಗಡಿ ಅಂಗಡಿ ಅಲೆದ ವಿಜ್ಞಾನ ಮಾಸ್ತರರು ಅವರೊಬ್ಬರೇ ಇರಬೇಕು. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹಿರಿಯರೊಬ್ಬರು, ಯಾವ ಸ್ವಾಮಿಗಳು ಮಂತ್ರಿಸಿ ಕೊಟ್ಟದ್ದು, ಶನಿಕಾಟಕ್ಕೋ ರಾಹುವಿಗೋ ಎಂದು ಕೇಳಿದ್ದರು. "ಶನಿ ಅಲ್ರಿ, ಸರಕಾರದ ಕಾಟಕ್ಕ" ಎಂದು ಇವರು ನಕ್ಕಿದ್ದರು. ಆಗ ಅದು ಚೇಷ್ಟೆಯ ಮಾತಾಗಿತ್ತು.

ಹೋದ ತಿಂಗಳು ನಮ್ಮ ಹಳೆಯ ಹೈಸ್ಕೂಲಿನಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಫೋಟೋಕ್ಕೆ ಸೇವಂತಿಗೆ ಹಾರ, ಮುಂದೆ ಊದಿನಕಡ್ಡಿ. ಈ ಭಾಗಕ್ಕೆ ಮೊಟ್ಟಮೊದಲು ಕಂಪ್ಯೂಟರ್ ತಂದ ಮಹನೀಯರು ಎಂದು ಮೂವರು ಹೇಳಿದರು. ಆ ಕಂಪ್ಯೂಟರ್ ಏನಾಯಿತೆಂದು ಒಬ್ಬರೂ ಹೇಳಲಿಲ್ಲ. ನನ್ನನ್ನೂ ಎಬ್ಬಿಸಿದರು. "ಬಹಳ ಶಿಸ್ತಿನ ಮನುಷ್ಯರು" ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ಸತ್ತವರ ಮುಂದೆ ನುಂಗಿದ ಮಾತು ಗಂಟಲು ದಾಟುವುದಿಲ್ಲ ಎಂದು ನಮ್ಮ ಅಜ್ಜಿ ಅನ್ನುತ್ತಿದ್ದಳು. ದಾಟಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನವಲಗುಂದದಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿಯ ಆ ಊರಿಗೆ ನಾನು ಕನ್ನಡ ಮಾಸ್ತರನಾಗಿ ಹೋದಾಗ ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ. ಅವರಿಗೆ ಐವತ್ತರ ಮೇಲೆ. ಆದರೂ ಮೊದಲ ದಿನದಿಂದಲೇ ನನ್ನನ್ನು "ಪಂಡಿತ್ರ" ಎಂದೇ ಕರೆದರು. ಅದರಲ್ಲಿ ಗೌರವ ಎಷ್ಟು, ಕಾಲು ಎಳೆಯುವುದು ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ನಾನು ಎಲ್ಲಿಯಾದರೂ "ಸುಮಾರು" ಎಂದರೆ ಸಾಕು, ಮಾತು ಅಲ್ಲೇ ತಡೆಯುತ್ತಿದ್ದರು. "ಸುಮಾರು ಅನ್ನೋದನ್ನ ಸಂತ್ಯಾಗ ಬಿಟ್ಟು ಬರ್ರಿ ಪಂಡಿತ್ರ. ಎಷ್ಟು ಅದನ್ನ ಹೇಳ್ರಿ." ಹುಡುಗರು ತಪ್ಪು ಉತ್ತರ ಹೇಳಿದರೆ ಹೊಡೆಯುತ್ತಿರಲಿಲ್ಲ. "ಮತ್ತೊಮ್ಮೆ ಅಳತಿ ಮಾಡು" ಎನ್ನುತ್ತಿದ್ದರು. ಗೆಜ್ಜೆ ಕಟ್ಟಿದ ಎತ್ತು, ಟ್ರಾಕ್ಟರಿನ ಗಾಲಿ, ಹಿಟ್ಟಿನ ಗಿರಣಿಯ ಪಟ್ಟಾ, ಎಲ್ಲವೂ ಅವರಿಗೆ ಪಾಠದ ಸಾಮಾನು. ಶರ್ಟಿನ ಕಿಸೆಯಲ್ಲಿ ಪೆನ್ನಿನ ಪಕ್ಕ ಸಣ್ಣದೊಂದು ಸ್ಕ್ರೂಡ್ರೈವರ್ ಇರುತ್ತಿತ್ತು.

ಕಂಪ್ಯೂಟರ್ ಬಂದದ್ದು ಅವರು ಧಾರವಾಡದ ಕಚೇರಿಯ ಹೊಸ್ತಿಲು ಸವೆಸಿದ್ದರಿಂದ. ಹೊಸದೇನಲ್ಲ. ಪಟ್ಟಣದ ಶಾಲೆಯೊಂದರಲ್ಲಿ ಬಳಸಿ ಬಿಟ್ಟದ್ದು. ತಯಾರಿಸಿದವರೇ ಆ ಮಾದರಿಯನ್ನು ಕೈಬಿಟ್ಟಾಗಿತ್ತು. ಕಪ್ಪು ಗಾಜಿನ ಮೇಲೆ ಹಸಿರು ಅಕ್ಷರ ಮೂಡುವ ಮಾನಿಟರು, ಕೀಬೋರ್ಡು, ಲೆಕ್ಕ ಮಾಡುವ ಯಂತ್ರವೆಲ್ಲ ಒಳಗಿದ್ದ ಒಂದು ಡಬ್ಬಿ. ಟ್ರಾಕ್ಟರಿನ ಟ್ರೇಲರಿಗೆ ಜೋಳದ ಕಣಕಿ ಹಾಸಿ, ಮೇಲೆ ಕೌದಿ ಹಾಸಿ, ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಅವರು ಊರು ಹೊಕ್ಕದ್ದು ಬಾಣಂತಿಯನ್ನು ಕರೆತಂದ ಹಾಗಿತ್ತು. ತಗ್ಗು ಬಂದಲ್ಲೆಲ್ಲ ಇಳಿದು, ಅದನ್ನು ಎದೆಗೆ ಅವುಚಿಕೊಂಡು ನಡೆದು ದಾಟಿಸಿದರಂತೆ.

ಒಂದು ವರ್ಷ ನಡೆಯಿತು. ಆಮೇಲೆ ಅಕ್ಷರ ಮಂಕಾಗತೊಡಗಿದವು. ಹಗಲು ಬೆಳಕಿನಲ್ಲಿ ಏನೂ ಕಾಣದು. ಅವರು ಮನೆಯಿಂದ ಕರಿ ಕಂಬಳಿ ತಂದು ಮಾನಿಟರಿನ ಮೇಲೆ ಹೊದಿಸಿ, ಹುಡುಗರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟರು. ಕುರಿಯ ಉಣ್ಣೆಯ ವಾಸನೆಗೆ ಸೀನುತ್ತ, ಬೆವರುತ್ತ ಹೊರಬರುವ ಹುಡುಗರ ಮುಖದಲ್ಲಿ ಗುಡಿಯ ಗರ್ಭಗುಡಿ ಹೊಕ್ಕು ಬಂದವರ ಕಳೆ. ಮಂಕು ಇನ್ನೂ ಹೆಚ್ಚಾದಾಗ, ಮಾನಿಟರಿನ ಪಿಕ್ಚರ್ ಟ್ಯೂಬಿನೊಳಗೆ ಕಾಯುವ ಎಳೆ ತಂತಿಗೆ ಅವರು ತುಸು ಹೆಚ್ಚು ಕರೆಂಟು ಕೊಟ್ಟರು. ಮುದಿ ಎತ್ತಿಗೆ ಹಿಂಡಿ ತಿನ್ನಿಸಿದ ಹಾಗೆ ಅದು ಒಂದೂವರೆ ತಿಂಗಳು ಬೆಳಗಿತು. ಒಂದು ಮಧ್ಯಾಹ್ನ ಪಾಠ ನಡೆದಾಗಲೇ ತಂತಿ ಹರಿದು ಆರಿಹೋಯಿತು. ಹತ್ತನೆಯ ವರ್ಗದ ಎದುರಿಗೆ ನಿಂತು, "ಇದು ತಾನ ಸತ್ತದ್ದಲ್ಲ. ನಾ ಕೊಂದೆ" ಎಂದರು. ಯಾವ ಮಾಸ್ತರರು ಹುಡುಗರ ಮುಂದೆ ಹೀಗೆ ಹೇಳುತ್ತಾರೆ?

ಹೊಸ ಟ್ಯೂಬು ಬೇಕೆಂದು ಕಚೇರಿಗೆ ಮೂರು ಕಾಗದ ಬರೆದರು. ಉತ್ತರವಿಲ್ಲ. ಬಂದದ್ದು ಒಂದು ಸುತ್ತೋಲೆ: ಬಳಕೆಯಲ್ಲಿ ಇರದ ಕಂಪ್ಯೂಟರುಗಳನ್ನು ವಾರ್ಷಿಕ ತಪಾಸಣೆಯ ಹೊತ್ತಿಗೆ ಗುರುತಿಸಿ ಪಟ್ಟಣದ ಶಾಲೆಗಳಿಗೆ ಕೊಡಲಾಗುವುದು. ತಪಾಸಣೆ ದಸರಾ ಆದಮೇಲೆ. ಅಷ್ಟರಲ್ಲಿ ಟ್ಯೂಬು ಸಿಗದಿದ್ದರೆ ಕಂಪ್ಯೂಟರ್ ಊರು ಬಿಡುತ್ತಿತ್ತು. ಹೊರಗಿನಿಂದ ಟ್ಯೂಬು ತಂದು ಹಾಕಲೇ ಎಂದು ಹೆಡ್ ಮಾಸ್ತರರನ್ನು ಕೇಳಿದರು. ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು: "ಏನ್ ಮಾಡ್ತೀರಿ ಮಾಡ್ರಿ. ನನಗ ಹೇಳಿ ಮಾಡಬ್ಯಾಡ್ರಿ."

ಅಂದಿನಿಂದ ರವಿವಾರ ರವಿವಾರ ಹುಬ್ಬಳ್ಳಿ. ಸತ್ತ ಟ್ಯೂಬಿನ ಕುತ್ತಿಗೆಯ ದಪ್ಪಕ್ಕೆ ಸರಿಯಾಗಿ ತಾಮ್ರದ ತಂತಿ ಸುತ್ತಿ, ಕಳೆಯಬಾರದೆಂದು ಹೆಬ್ಬೆರಳಿಗೆ ಹಾಕಿಕೊಂಡಿದ್ದರು. ಅದೇ ಆ ಉಂಗುರ. ಅಂಗಡಿಯ ಹಿಂದೆ ಗುಜರಿಯಲ್ಲಿ ಬಿದ್ದ ಟೀವಿಗಳ ಬೆನ್ನು ಬಿಚ್ಚಿಸಿ, ಒಂದೊಂದರ ಕುತ್ತಿಗೆಗೂ ತೊಡಿಸಿ ನೋಡುವುದು. ಎಲ್ಲ ದೊಡ್ಡ ಟೀವಿಗಳ ದಪ್ಪ ಕುತ್ತಿಗೆ. ಉಂಗುರ ಹಿಡಿಸಿದರೆ ಗಾಜು ಅಗಲ. ಗಾಜು ಸರಿ ಇದ್ದರೆ ಒಳಗಿನ ತಂತಿಯ ವೋಲ್ಟು ಬೇರೆ. ಇದು ಹನ್ನೆರಡು ವೋಲ್ಟಿನದು, ಅವು ಆರರವು. "ಲಗ್ನಕ್ಕ ಎಂಟಾಣೆ ಕೂಡಿದ್ರ ಅಕ್ಕಿಕಾಳು ಹಾಕ್ತಾರ. ಇದಕ್ಕ ಹದಿನಾರಾಣೆನೂ ಕೂಡಬೇಕು ಪಂಡಿತ್ರ" ಎನ್ನುತ್ತಿದ್ದರು. ಅವರ ಚೀಲ ಹಿಡಿದು ನಾನು ಹಿಂದೆ ಹಿಂದೆ. ಮಧ್ಯಾಹ್ನಕ್ಕೆ ಗಿರಮಿಟ್ಟು, ಮಿರ್ಚಿ. ಬೇಸರವಿರಲಿಲ್ಲ. ಅಷ್ಟು ನಗಿಸುತ್ತಿದ್ದರು.

ಕೊನೆಗೆ ಓಣಿಯೊಳಗಿನ ಒಬ್ಬ ಟೀವಿ ರಿಪೇರಿಯವನು ಉಂಗುರ ನೋಡಿ, ಇದು ಬ್ಯಾಟರಿಯ ಮೇಲೆ ಓಡುವ ಸಣ್ಣ ಟೀವಿಯ ಕುತ್ತಿಗೆ ಎಂದ. ದುಮ್ಮವಾಡದ ಕಡೆಯ ಒಂದು ಹಳ್ಳಿಯಿಂದ ಅಂಥದ್ದೊಂದು ಬಂದಿತ್ತಂತೆ. ಆ ಟೀವಿಯ ಮನೆಯವರು ಟ್ರಾಕ್ಟರಿನ ಬ್ಯಾಟರಿಯ ತಂತಿಗಳನ್ನು ತಿರುವುಮುರುವು ಕೊಟ್ಟು ಒಳಗೆಲ್ಲ ಸುಟ್ಟುಕೊಂಡಿದ್ದರು. ರಿಪೇರಿ ಆಗದೆಂದು ವಾಪಸ್ಸು ಒಯ್ದರಂತೆ. ಇವರು ಅಲ್ಲಿಯೇ ನನ್ನ ತೋಳು ಹಿಡಿದುಕೊಂಡರು. ತಂತಿ ತಿರುವು ಕೊಟ್ಟರೆ ಉಳಿದದ್ದೆಲ್ಲ ಸುಡಬಹುದು, ಆದರೆ ಟ್ಯೂಬಿನ ಒಳಗೆ ಕಾಯುವ ತಂತಿಗೆ ಕರೆಂಟು ಯಾವ ಕಡೆಯಿಂದ ಬಂದರೂ ಅಷ್ಟೇ, ಅದು ಉಳಿದಿರುತ್ತದೆ ಎಂದು, ಅಂದೇ ಆ ಹಳ್ಳಿಯ ಹಾದಿ ಹಿಡಿದು, ಕಲಘಟಗಿ ಮುಟ್ಟುವವರೆಗೂ ಬಸ್ಸಿನಲ್ಲಿ ವಿವರಿಸಿದರು. ಮುಂದಿನ ಸೀಟಿನವರೂ ತಿರುಗಿ ಕೂತು ಕೇಳಿದರು.

ಆ ಮನೆಯ ಯಜಮಾನತಿ ಒಬ್ಬ ಮುದುಕಿ. ಕೆಟ್ಟ ಟೀವಿ ಪಡಸಾಲೆಯ ಗೂಡಿನಲ್ಲಿ, ಹೆಣೆದ ಬಟ್ಟೆ ಹೊದ್ದುಕೊಂಡು, ಹಣೆಗೆ ಕುಂಕುಮ ಹಚ್ಚಿಕೊಂಡು ಕುಳಿತಿತ್ತು. ಬೀಗರು ಬಂದರೆ ಮನೆಯಲ್ಲಿ ಟೀವಿ ಐತಿ ಎಂದು ಕಾಣಲಿ ಎಂದು. ಅದನ್ನು ಮಾರುವ ಮಾತೇ ಬೇಡ ಎಂದಳು. ಇವರು ಚಾ ಕುಡಿದು, ಮಾರಾಟದ ಮಾತು ಬಿಟ್ಟು, ಕಂಬಳಿಯೊಳಗೆ ತಲೆ ಹಾಕಿ ಕಲಿತ ಹುಡುಗರ ಕಥೆ ಹೇಳಿದರು. ಮುದುಕಿ ಕೇಳಿದಳು: "ಹೆಣ್ಣ ಹುಡುಗ್ಯಾರೂ ಕಲೀತಾರೇನು ಅದರಾಗ?"

"ಕಲೀತಾರ್ರಿ ಯವ್ವಾ. ಅವ್ರ ಮುಂದ ಅದಾರ."

ಆಕೆ ಎದ್ದು ತಾನೇ ಬಟ್ಟೆ ತೆಗೆದಳು. "ಒಯ್ಯಿರಿ ಮಾಸ್ತರ. ನನ್ನ ಮೊಮ್ಮಗಳು ಅದರಾಗ ಒಮ್ಮೆ ತನ್ನ ಹೆಸರ ಬರೀಬೇಕು, ನಾ ಕಣ್ಣಿಲೆ ನೋಡಬೇಕು. ಇಷ್ಟ." ಇವರು ಕಿಸೆಗೆ ಕೈ ಹಾಕಿದ್ದನ್ನು ನೋಡಿ ಸಿಟ್ಟಾದಳು. "ಕಣ್ಣ ಕೊಟ್ಟು ರೊಕ್ಕಾ ತಗೋತಾರೇನು ಯಾರರ?"

ಟ್ಯೂಬು ಕೂಡಿತು, ಹದಿನಾರಾಣೆಯೂ. ಒಂದೇ ವ್ಯತ್ಯಾಸ: ಟೀವಿಯ ಟ್ಯೂಬು, ಆದ್ದರಿಂದ ಅಕ್ಷರ ಹಸಿರಲ್ಲ, ಬಿಳಿ. ಆಗಿನ ದಿನಗಳಲ್ಲಿ ಜನ ಕಪ್ಪು ಬಿಳಿ ಟೀವಿಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟುತ್ತಿದ್ದರು. ಹಸಿರು ಹಾಳೆಯೊಂದು ಕಟ್ಟಿಬಿಡೋಣ, ಯಾರಿಗೂ ತಿಳಿಯುವುದಿಲ್ಲ ಎಂದು ನಾನೇ ಹೇಳಿದೆ. "ಬಿಳಿ ಇದ್ದದ್ದನ್ನ ಬಿಳಿ ಅನಾಕ ಏನ್ ದಾಡಿ ನಿಮಗ?" ಎಂದರು.

ಅದೇ ಸಂಜೆ ಹಳೆಯ ಟ್ಯೂಬನ್ನು ಹೂತರು. ಇದನ್ನು ತುಸು ಬಿಡಿಸಿ ಹೇಳಬೇಕು. ಪಿಕ್ಚರ್ ಟ್ಯೂಬಿನೊಳಗೆ ಗಾಳಿ ಇರುವುದಿಲ್ಲ. ಹೊರಗಿನ ಗಾಳಿ ಸುತ್ತಲಿಂದ ಅದನ್ನು ಅಮುಕುತ್ತಲೇ ಇರುತ್ತದೆ. ಕೆಟ್ಟ ಟ್ಯೂಬು ಎಲ್ಲೋ ಬಿದ್ದಿದ್ದು ಹುಡುಗರ ಚೆಂಡು ಬಡಿದರೆ ಬಾಂಬಿನ ಹಾಗೆ ಸಿಡಿದು ಗಾಜು ಮುಖಕ್ಕೆ ಹಾರುತ್ತದೆ. ಆದ್ದರಿಂದ ಬಲ್ಲವರು ಸತ್ತ ಟ್ಯೂಬನ್ನು ಇಡಿಯಾಗಿ ಇಡುವುದಿಲ್ಲ. ಗೋಣಿಚೀಲದಲ್ಲಿ ಸುತ್ತಿ, ಕುತ್ತಿಗೆಯ ತುದಿಯನ್ನು ಇಕ್ಕಳದಿಂದ ಮುರಿದು ಗಾಳಿ ಒಳಗೆ ಬಿಟ್ಟು, ಆಮೇಲೆ ಒಡೆದು ಹೂಳುತ್ತಾರೆ. ನಮ್ಮ ಪ್ರಯೋಗಶಾಲೆಯ ಕಪಾಟಿಗೆ ಕೀಲಿ ಇರಲಿಲ್ಲ. ಹುಡುಗರು ಒಳಗೇ ಚೆಂಡಾಡುತ್ತಿದ್ದರು. ಶಾಲೆಯ ಹಿಂದಿನ ಜಾಲಿಗಿಡದ ಕೆಳಗೆ ನಾನೇ ಗುಂಡಿ ತೋಡಿದೆ, ನಾನೇ ಚೀಲ ಹಿಡಿದೆ. "ಮುಖ ಆಕಡೆ ಮಾಡ್ರಿ ಪಂಡಿತ್ರ" ಎಂದರು. ಮಾಡಿದೆ. ಸುಯ್ ಎಂದು ಒಂದು ಸಪ್ಪಳ. "ಎಲ್ಲಾರೂ ಉಸಿರು ಹೋಗಿ ಸಾಯ್ತಾರ. ಇದು ಉಸಿರು ಒಳಗ ಬಂದು ಸಾಯ್ತೈತಿ ನೋಡ್ರಿ" ಎಂದರು. ಮರುದಿನವೇ ಮಳೆ ಹಿಡಿಯಿತು.

ಮುದುಕಿ ಮಾತಿನಂತೆ ಬಂದಳು. ಕಲಘಟಗಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ನವಲಗುಂದ, ಅಲ್ಲಿಂದ ನಮ್ಮೂರು. ಮೊಮ್ಮಗಳು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಹೆಸರು ಬರೆದಳು. ಮುದುಕಿಗೆ ಓದಲು ಬಾರದು, ಅದೂ ಇಂಗ್ಲಿಷ್ ಅಕ್ಷರ. ಗಾಜಿನ ಹತ್ತಿರ ಕೈ ಒಯ್ದಾಗ ಕೈಮೇಲಿನ ಕೂದಲು ನೆಟ್ಟಗೆ ಎದ್ದವು. "ಜೀವ ಐತಿದಕ್ಕ" ಎಂದಳು. ನಮ್ಮ ಸರ್ ಕಣ್ಣೊರೆಸಿಕೊಳ್ಳುವುದನ್ನು ನಾನು ಅಂದು ಕಂಡೆ.

ದಸರಾ ಆದಮೇಲೆ ತಪಾಸಣೆಯ ಸಾಹೇಬರು ಬಂದರು. ಕಂಪ್ಯೂಟರ್ ಚಾಲೂ ಇತ್ತು, ಹುಡುಗರು ಚಟಪಟ ಒತ್ತುತ್ತಿದ್ದರು. ಸಾಹೇಬರು ಹಿಂದೊಮ್ಮೆ ಅದನ್ನು ಪಟ್ಟಣದ ಶಾಲೆಯಲ್ಲಿ ನೋಡಿದ್ದವರು. ಹಸಿರಿದ್ದದ್ದು ಬಿಳಿ ಹೇಗಾಯಿತು ಎಂದು ಕೇಳಿದರು. ಅಯ್ಯೋ, ಅದೊಂದು ಪ್ರಶ್ನೆಗಾಗಿ ಎಷ್ಟು ತಿಂಗಳಿಂದ ಕಾದಿದ್ದರೋ ಈ ಮನುಷ್ಯ! ಕೇಳುವವರು ಒಬ್ಬರು ಸಿಕ್ಕರೆಂದು ಮಾನಿಟರಿನ ಬೆನ್ನು ಬಿಚ್ಚಿ, ಕುತ್ತಿಗೆ ತೋರಿಸಿ, ಉಂಗುರ ತೊಡಿಸಿ, ಅಲೆದದ್ದು, ಸಿಕ್ಕದ್ದು, ಹೂತದ್ದು ಎಲ್ಲ ಹೇಳಿದರು. ಇವರು ಹೇಳಿದಂತೆಲ್ಲ ಸಾಹೇಬರ ಪೆನ್ನು ಓಡುತ್ತಿತ್ತು. ತಾನು ಪಾಠ ಹೇಳುತ್ತಿಲ್ಲ, ತನ್ನ ಮೇಲೇ ಬರುವ ಜಬಾನಿ, ಹೇಳಿಕೆ, ಕೊಡುತ್ತಿದ್ದೇನೆ ಎಂದು ಅವರಿಗೆ ಹೊಳೆಯಲೇ ಇಲ್ಲ.

ಶಾಲೆಯ ಸಾಮಾನು ಬರೆದಿಡುವ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಇದ್ದ ನಂಬರೇ ಬೇರೆ, ಟ್ಯೂಬಿನ ನಂಬರೇ ಬೇರೆ. ಸರಕಾರದ ಟ್ಯೂಬು ಎಲ್ಲಿ? ಮಾರಿಕೊಂಡಿರಿ. ಇದು ಎಲ್ಲಿಂದ ಬಂತು? ಕಾಗದವಿಲ್ಲ. ಕೊಟ್ಟವರ ಹೆಸರು ಬರೆಯಿರಿ ಎಂದರೆ ಇವರು ಬರೆಯಲಿಲ್ಲ. ದಾನ ಕೊಟ್ಟ ಮುದುಕಿಯನ್ನು ಕಚೇರಿಯ ಮೆಟ್ಟಿಲು ಹತ್ತಿಸುವುದಿಲ್ಲ ಎಂದರು. ಹೆಡ್ ಮಾಸ್ತರರು ತಮಗೆ ಯಾವ ಸಂಗತಿಯೂ ತಿಳಿದಿಲ್ಲವೆಂದು ಬರೆದುಕೊಟ್ಟರು. ಜಾಲಿಗಿಡದ ಕೆಳಗೆ ಅಗೆಸಿದರು. ಹಸಿ ಎರೆಮಣ್ಣಿನಿಂದ ಗಾಜಿನ ಚೂರು ಬಂದವು. ನಂಬರಿದ್ದ ಕಾಗದದ ಚೀಟಿ ಒಂದು ಮಳೆಗಾಲಕ್ಕೆ ಕೊಳೆತು ಮಣ್ಣಾಗಿತ್ತು. ಗಾಜು ಯಾವುದರದ್ದೂ ಇರಬಹುದು ಎಂದರು ಸಾಹೇಬರು. ಒಡೆಯುವಾಗ ಕಂಡವರು ಯಾರು?

ಕಂಡವನು ನಾನು. ಕಂಡವನೋ? ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಹೆಡ್ ಮಾಸ್ತರರು ನನ್ನನ್ನು ವರಾಂಡದ ತುದಿಗೆ ಕರೆದು, "ನಿಮ್ಮ ಖಾಯಂ ಕಾಗದನೂ ಇದೇ ಸಾಹೇಬ್ರ ಟೇಬಲ್ ಮ್ಯಾಲ ಐತಿ. ವಿಚಾರ ಮಾಡಿ ಬರೀರಿ" ಎಂದರು. ವಿಚಾರ ಮಾಡಿದೆ. "ಟ್ಯೂಬನ್ನು ಒಡೆದದ್ದನ್ನು ನಾನು ಕಣ್ಣಾರೆ ಕಂಡಿರುವುದಿಲ್ಲ" ಎಂದು ಬರೆದುಕೊಟ್ಟೆ. ಆ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಜೀವನದಲ್ಲಿ ಅಷ್ಟು ಎಚ್ಚರಿಕೆಯಿಂದ ನಾನು ಮತ್ತೊಂದು ವಾಕ್ಯ ಬರೆದಿಲ್ಲ.

ಕೋಣೆಗೆ ಕೀಲಿ ಹಾಕಿ, ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿದರು. ವಿಚಾರಣೆ ಮುಗಿಯುವವರೆಗೆ ಕಂಪ್ಯೂಟರ್ ಮುಟ್ಟಬಾರದು.

ಕೆಲವು ದಿನಗಳ ಮೇಲೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ನಾನು ತಡೆಯಲಾರದೆ, "ಸರ್, ನಾ ಬರದದ್ದು ಸುಳ್ಳಲ್ರಿ" ಎಂದೆ. ಅವರು ಬಸಿಯಲ್ಲಿ ಚಾ ಸುರುವಿಕೊಂಡು ಆರಿಸುತ್ತಿದ್ದರು. "ಸುಳ್ಳಲ್ಲ, ಖರೇನ ಐತಿ" ಎಂದರು. "ಮುಖ ಆಕಡೆ ಮಾಡ್ರಿ ಅಂದಾಂವ ನಾನ ಅಲ್ಲೇನ್ರಿ?" ಚಾ ಕುಡಿದು ಬಸಿ ತೊಳೆದಿಟ್ಟು ಪಾಠಕ್ಕೆ ಹೋದರು.

ನನ್ನ ಖಾಯಂ ಕಾಗದ ಬಂದಾಗ ಮೊದಲು ಕೈ ಕುಲುಕಿದವರೂ ಅವರೇ.

ಎರಡು ವರ್ಷಕ್ಕೂ ಮಿಕ್ಕಿ ನಡೆಯಿತು ವಿಚಾರಣೆ. ಆ ದಿನಗಳಲ್ಲಿ ಅವರು ರಟ್ಟಿನ ಹಾಳೆಯ ಮೇಲೆ ಕೀಬೋರ್ಡ್ ಬರೆದು, ಹುಡುಗರ ಬೆರಳು ಅದರ ಮೇಲೆ ಆಡಿಸಿ ಕಲಿಸಿದರು. ಒತ್ತಿದ್ದು ಎಲ್ಲಿ ಕಾಣುತ್ತದೆ ಎಂದು ಹುಡುಗರು ಕೇಳಿದರೆ, ಪಕ್ಕದ ಮುದ್ರೆಯ ಬಾಗಿಲು ತೋರಿಸುತ್ತಿದ್ದರು. ಕಚೇರಿಗೆ ಅರ್ಜಿ ಬರೆಯುವುದನ್ನು ಬಿಡಲಿಲ್ಲ. ಒಂದು ಅರ್ಜಿಯಲ್ಲೂ ತನ್ನ ಮೇಲಿನ ಆರೋಪದ ಮಾತಿಲ್ಲ. ನನ್ನನ್ನು ಬೇಕಾದರೆ ಹೊರಗಿಡಿ, ಕೋಣೆ ತೆಗೆಯಿರಿ, ಹುಡುಗರು ಕಲಿಯಲಿ. ಅಷ್ಟೇ. ಹೆಬ್ಬೆರಳಲ್ಲಿ ಉಂಗುರ ಇರಲಿಲ್ಲ. ಅದನ್ನೂ ಸಾಕ್ಷಿಯೆಂದು ಲಕೋಟೆಯಲ್ಲಿ ಹಾಕಿ ಒಯ್ದಿದ್ದರು. ಊರಲ್ಲಿ ಜನ ಅವರ ಬೆನ್ನ ಹಿಂದೆ "ಟ್ಯೂಬ್ ಮಾಸ್ತರ" ಎಂದರು. ಒಂದು ಗಾಜಿನ ಬುರುಡೆ ಮಾರಿ ಮನೆ ಕಟ್ಟಿಸಿದವನನ್ನು ಯಾರು ಕಂಡಿದ್ದಾರೆ? ಆದರೂ ಅಂದರು. ಅನ್ನುವ ಬಾಯಿಗೆ ತೂಕದ ಕಲ್ಲು ಬೇಕಿಲ್ಲವಲ್ಲ.

ಕೊನೆಗೆ ಹುಕುಮು ಬಂತು. ಆರೋಪ ಸಾಬೀತಾಗಿಲ್ಲ. ಮುದ್ರೆ ಒಡೆದರು. ಕೀಬೋರ್ಡಿನೊಳಗೆ ಇಲಿ ಗೂಡು ಕಟ್ಟಿ ಮರಿ ಹಾಕಿ ಹೋಗಿತ್ತು. ಡಬ್ಬಿಯೊಳಗಿನ ಹಲಗೆಗೆ ಹಸಿರು ಕಿಲುಬು. ಅವರು ನಾಲ್ಕು ದಿನ ಬಣ್ಣದ ಕುಂಚದಿಂದ ಧೂಳು ಕೊಡವಿದರು, ತಂತಿ ಬೆಸೆದರು. ಡಬ್ಬಿ ಏಳಲಿಲ್ಲ. ಮಾನಿಟರಿನ ಗುಂಡಿ ಒತ್ತಿದಾಗ ಮಾತ್ರ, ತುಸು ತಡೆದು, ಗಾಜಿನ ತುಂಬ ಬಿಳಿ ಬೆಳಕು ಬಂತು. ಅಕ್ಷರವಿಲ್ಲ. ಬರೀ ಬೆಳಕು. "ಟ್ಯೂಬ್ ಚಲೋ ಐತಿ" ಎಂದರು, ಯಾರಿಗೋ ಎಂಬಂತೆ.

ಹುಕುಮಿನಲ್ಲಿ ಎರಡನೆಯ ಪರಿಚ್ಛೇದವೊಂದಿತ್ತು. ಹಳೆಯ ಮಾದರಿಯಾದ್ದರಿಂದ ಇಡೀ ಸಾಮಾನನ್ನು ಧಾರವಾಡಕ್ಕೆ ತಿರುಗಿ ಒಪ್ಪಿಸತಕ್ಕದ್ದು. ಒಯ್ಯಲು ಬಂದ ಕಾರಕೂನರು ಯಾದಿ ಮುಂದಿಟ್ಟರು. ಒಂದೊಂದರ ಮುಂದೆ "ನಾದುರಸ್ತ" ಎಂದು ಬರೆದು ಸಹಿ ಮಾಡಬೇಕು, ದುರಸ್ತಿಗೆ ಬಾರದ್ದು ಎಂದು. ಡಬ್ಬಿಗೆ ಬರೆದರು, ಕೀಬೋರ್ಡಿಗೆ ಬರೆದರು. ಮಾನಿಟರಿನ ಮುಂದೆ ಪೆನ್ನು ನಿಂತಿತು. "ಇದು ಚಾಲೂ ಐತ್ರಿ" ಎಂದರು. ಗುಂಡಿ ಒತ್ತಿ ತೋರಿಸಿದರು.

ಕಾರಕೂನರು ಕೆಟ್ಟವರಲ್ಲ. ಚಾಲೂ ಎಂದು ಬರೆದರೆ, ಚಾಲೂ ಇದ್ದದ್ದು ಎರಡು ವರ್ಷ ಕೋಣೆಯಲ್ಲಿ ಯಾಕೆ ಬಿದ್ದಿತ್ತು ಎಂದು ಹೊಸದೊಂದು ಫೈಲು ಏಳುತ್ತದೆ ಎಂದು ತಿಳಿಸಿ ಹೇಳಿದರು. ಹೆಡ್ ಮಾಸ್ತರರು ಇವರಿಗೆ ಕೈ ಮುಗಿದರು. ಸರ್ ಪೆನ್ನು ನನ್ನ ಕಡೆ ಚಾಚಿದರು.

"ನೀವ ಬರೀರಿ ಪಂಡಿತ್ರ."

ನಾನು "ನಾದುರಸ್ತ" ಎಂದು ಬರೆದೆ, ಗುಂಡಗೆ, ಒತ್ತಕ್ಷರ ತಪ್ಪದ ಹಾಗೆ. ಅವರು ಕೆಳಗೆ ಸಹಿ ಮಾಡಿದರು. ಎದ್ದು ಮಾನಿಟರಿನ ಗುಂಡಿ ಆರಿಸಿದರು. ಬಾಗಿಲಿಗೆ ಹೋದವರು ತಿರುಗಿ ಬಂದು, ಯಾದಿಯನ್ನು ಮತ್ತೊಮ್ಮೆ ಎತ್ತಿ ಹಿಡಿದು ನೋಡಿದರು.

"ಅಕ್ಷರ ಮಾತ್ರ ಭಾಳ ಚಂದ ಅದಾವ್ರಿ ನಿಮ್ಮವು" ಎಂದರು.